ಕುಂಕುಮ ಇಟ್ಟ ಮೋಟಾರುಗಳು

ಆಯುಧಪೂಜೆಯ ದಿನ ಬೆಳಿಗ್ಗೆ ನಾನೂ ನನ್ನ ಗಂಡನೂ ಸೇರಿ ಹಿತ್ತಾಳೆ ತಗಡಿನ ಮೇಲೆ ಒಂದು ವೃತ್ತ ಕೊರೆಯಲು ಹೊರಟು ಆಲೂಗೆಡ್ಡೆ ಕೊರೆದೆವು. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅದು.

ನಮ್ಮದು ಹೊಳೆನರಸೀಪುರ. ಮನೆಯ ಹಿಂದೆ ಮೊದಲು ಸೌದೆ ತುಂಬಿಡುತ್ತಿದ್ದ ಒಂದು ಕೋಣೆಯಿದೆ. ಗ್ಯಾಸ್ ಬಂದ ಮೇಲೆ ಸೌದೆ ಹೋಯಿತು, ಆ ಜಾಗಕ್ಕೆ ಮಿಲ್ಲಿಂಗ್ ಯಂತ್ರ ಬಂತು. ನನ್ನ ಗಂಡ ಒಂದು ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಿದ್ದರು. ಹಾಸನದಲ್ಲಿ ಯಾರೋ ವರ್ಕ್‌ಶಾಪ್ ಮುಚ್ಚಿದಾಗ ಈ ಸಣ್ಣ ಯಂತ್ರವನ್ನು ಕೊಂಡು, ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ನೋಡಲು ಅದು ಒಂಟಿ ಕಾಲಿನ ಕೊಕ್ಕರೆಯ ಹಾಗಿದೆ. ಮೇಲೆ ತಲೆ, ತಲೆಯಲ್ಲಿ ಗಿರಗಿರ ತಿರುಗುವ ಕಟ್ಟರ್, ಅದರ ಕೆಳಗೆ ಒಂದು ಕಬ್ಬಿಣದ ಮೇಜು. ಒಂದು ಹಿಡಿಯನ್ನು ತಿರುಗಿಸಿದರೆ ಮೇಜು ಎಡಕ್ಕೂ ಬಲಕ್ಕೂ ಹೋಗುತ್ತದೆ. ಇನ್ನೊಂದನ್ನು ತಿರುಗಿಸಿದರೆ ಹಿಂದಕ್ಕೂ ಮುಂದಕ್ಕೂ. ಮೂರನೆಯ ಹಿಡಿ ತಲೆಯನ್ನು ಮೇಲೆ ಕೆಳಗೆ ಮಾಡುತ್ತದೆ. ನೇರ ಗೆರೆ ಕೊರೆಯಲು ಇಷ್ಟು ಸಾಕು. ದುಂಡಗೆ ಕೊರೆಯಬೇಕಾದರೆ ಎರಡು ಹಿಡಿಗಳು ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೆ ತಿರುಗಬೇಕು. ಅದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಅವರು ಹೇಳುತ್ತಲೇ ಇದ್ದರು. ನಾನು ನಂಬಿರಲಿಲ್ಲ. ನಾನು ರವಿಕೆ ಹೊಲಿಯುವವಳು. ದುಂಡು ಕತ್ತಿನ ಪಟ್ಟಿಯನ್ನು ಕಣ್ಣಳತೆಯಲ್ಲೇ ತಿರುಗಿಸುತ್ತಿದ್ದೆ.

"ಬಾ ಹಾಗಾದ್ರೆ, ನೀನು ಅದು ಹಿಡ್ಕೊ, ನಾನು ಇದು ಹಿಡ್ಕೋತೀನಿ" ಎಂದರು.

ಇಬ್ಬರೂ ಒಂದೊಂದು ಹಿಡಿ ಹಿಡಿದು ನಿಂತೆವು. ಕಟ್ಟರ್ ಕಿರುಚತೊಡಗಿತು.

"ನಿಧಾನ, ನಿಧಾನ ಕಣೆ. ಹೊಲಿಗೆ ಮಿಷಿನ್ ಅಲ್ಲ ಇದು."

"ತಿರುಗ್ಸು ಅಂದಿದ್ದು ನೀವೇ ತಾನೆ?"

"ತಿರುಗ್ಸು ಅಂದೆ. ಓಡ್ಸು ಅಂದ್ನಾ?"

ಸದ್ದು ಕೇಳಿ ನನ್ನ ಅತ್ತೆ ಬಾಗಿಲಿಗೆ ಬಂದರು. ಅವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವರು. ಎಷ್ಟು ವರ್ಷ ಪೇಟೆಯಲ್ಲಿದ್ದರೂ ಮಾತು ಮಾತ್ರ ಊರಿನದೇ. ತಗಡನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನ್ಲಾ ಇದು?"

"ವೃತ್ತ ಕಣವ್ವ."

"ಇಂಥ ವೃತ್ತ ನಮ್ ಕಡೆ ಒಲ್ದಲ್ಲಿ ಅಗುದ್ರೆ ಮೂಟೆಗಟ್ಲೆ ಸಿಗ್ತದೆ. ಆಲೂಗೆಡ್ಡೆ ಅಂತಾರೆ."

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯ ಚಕ್ಕುಲಿ ಒರಳಿನ ಬಿಲ್ಲೆ ಸವೆದು ಹೋಗಿತ್ತು. ಹೂವಿನಾಕಾರದ ತೂತು ಬರಬರುತ್ತಾ ಬರಿಯ ದುಂಡಾಗಿ, ಚಕ್ಕುಲಿಗೆ ಮುಳ್ಳೇ ಮೂಡುತ್ತಿರಲಿಲ್ಲ. ಅಂಗಡಿಯ ಬಿಲ್ಲೆ ಆ ಹಳೆಯ ಒರಳಿಗೆ ಕೂರುತ್ತಿರಲಿಲ್ಲ. ಯಂತ್ರಕ್ಕೆ ಮೋಟಾರು ಕೂರಿಸಿದ ಮೇಲೆ ಮೊದಲ ಕೆಲಸವೇ ನಿನ್ನ ಚಕ್ಕುಲಿ ಬಿಲ್ಲೆ ಎಂದು ಅವರು ತಾಯಿಗೆ ಮಾತು ಕೊಟ್ಟಿದ್ದರು.

ಮೋಟಾರು ಎಂದರೆ ನೀರೆತ್ತುವ ಮೋಟಾರಲ್ಲ. ಸ್ಟೆಪ್ಪರ್ ಎನ್ನುತ್ತಾರೆ. ಫ್ಯಾನಿನ ಮೋಟಾರು ಕರೆಂಟು ಕೊಟ್ಟರೆ ತಿರುಗುತ್ತಲೇ ಇರುತ್ತದೆ. ಇದು ಹಾಗಲ್ಲ, ಒಂದು ಸಲ ಹೇಳಿದರೆ ಒಂದು ಸಣ್ಣ ಹೆಜ್ಜೆ ಇಟ್ಟು ಅಲ್ಲೇ ನಿಲ್ಲುತ್ತದೆ. ಮೂರು ಹಿಡಿಗಳ ಜಾಗಕ್ಕೆ ಮೂರು ಮೋಟಾರು ಕೂರಿಸಿ, ಕಂಪ್ಯೂಟರಿನಿಂದ ಹೆಜ್ಜೆ ಹೇಳಿಸಿದರೆ ವೃತ್ತ ವೃತ್ತವಾಗಿಯೇ ಬರುತ್ತದಂತೆ. ಹೊಸದು ಕೊಳ್ಳುವುದು ನಮ್ಮ ಅಳವಿನ ಮಾತಲ್ಲ. ಆದರೆ ಆಗ ಕಚೇರಿಗಳ ಹಳೆಯ ಪ್ರಿಂಟರುಗಳು, ಜೆರಾಕ್ಸ್ ಯಂತ್ರಗಳು ಹಾಸನದ ಗುಜರಿಗೆ ಬಂದು ಬೀಳುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ಈ ಮೋಟಾರುಗಳು ಇರುತ್ತಿದ್ದವು. ಅವರು ಹಾಸನಕ್ಕೆ ಹೋದಾಗಲೆಲ್ಲ ಒಂದೆರಡು ತರುತ್ತಿದ್ದರು. ಹದಿನೇಳೋ ಹದಿನೆಂಟೋ ಆಗಿದ್ದವು. ಕೆಲವು ಡಬ್ಬಿಯಂತೆ ಚೌಕ, ಕೆಲವು ದುಂಡು, ಒಂದೆರಡು ಬಿಸ್ಕತ್ತಿನಷ್ಟು ತೆಳ್ಳಗೆ. ಒಂದಕ್ಕೆ ನಾಲ್ಕು ವೈರು, ಇನ್ನೊಂದಕ್ಕೆ ಆರು, ಮತ್ತೊಂದಕ್ಕೆ ಎಂಟು.

ಹಬ್ಬದ ಹಿಂದಿನ ಸಂಜೆ ಅವರು ಅವನ್ನೆಲ್ಲ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಮೂರನ್ನು ಆರಿಸಿ, ಕುಂಕುಮದ ಬೊಟ್ಟು ಇಟ್ಟಿದ್ದರು. ಅದು ಪೂಜೆಯ ಕುಂಕುಮವಲ್ಲ. ಎರಡು ಕಬ್ಬಿಣದ ಮುಖಗಳು ಸರಿಯಾಗಿ ಕೂರುತ್ತವೆಯೇ ಎಂದು ನೋಡಲು ಫಿಟ್ಟರುಗಳು ಒಂದು ಮುಖಕ್ಕೆ ನೀಲಿ ಬಣ್ಣ ಸವರಿ ಇನ್ನೊಂದಕ್ಕೆ ಉಜ್ಜುತ್ತಾರೆ. ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ಉಬ್ಬಿದೆ ಎಂದು ಅರ್ಥ. ನಮ್ಮಲ್ಲಿ ನೀಲಿ ಸಿಗದೆ ಅವರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಂದು ಮುಚ್ಚಳದಲ್ಲಿ ಇಟ್ಟುಕೊಂಡಿರುತ್ತಿದ್ದರು. ಗುರುತು ಹಾಕುವುದೆಲ್ಲ ಅದರಲ್ಲೇ. ನನ್ನ ಹೊಲಿಗೆಯ ಕತ್ತರಿಯ ಮೇಲೂ ಆ ಬೊಟ್ಟು ಇತ್ತು, ಸಾಣೆ ಹಿಡಿಯಲು ಬಾಕಿ ಎಂದು.

ಮಧ್ಯಾಹ್ನದ ಹೊತ್ತಿಗೆ ಪೂಜೆಗೆ ಅಣಿಯಾಯಿತು. ಯಂತ್ರಕ್ಕೆ ಚೆಂಡುಹೂವಿನ ಹಾರ, ಬಾಗಿಲಿಗೆ ಮಾವಿನ ಸೊಪ್ಪು, ಹೊಸ್ತಿಲ ಹೊರಗೆ ಬೂದುಗುಂಬಳ. ನಾನು ಒಳಗೆ ಪಾಯಸ ನೋಡಿಕೊಳ್ಳುತ್ತಿದ್ದೆ. ಅತ್ತೆ ಹಲಗೆಯ ಮುಂದೆ ನಿಂತು ಮಗನನ್ನು ಕೇಳುವುದು ಕೇಳಿಸುತ್ತಿತ್ತು.

"ಅಲ್ಲ ಕಣ್ಲಾ, ಮೂರ್ಕೆ ಮಾತ್ರ ಇಕ್ಕಿದ್ದೀಯಲ್ಲ, ಮಿಕ್ಕವು ಏನ್ ಪಾಪ ಮಾಡಿದ್ವು?"

ಅವರ ಉತ್ತರ ಕೇಳಿಸಲಿಲ್ಲ. ಸೈಕಲ್ಲಿಗೆ ವಿಭೂತಿ ಬಳಿಯಲು ಹೊರಗೆ ಹೋಗಿದ್ದರು ಎಂದು ಕಾಣುತ್ತದೆ. ನಾನು ಆರತಿ ತಟ್ಟೆ ಹಿಡಿದು ಬರುವಷ್ಟರಲ್ಲಿ ಅತ್ತೆ ಹಳೆಯ ಬಟ್ಟೆಯಲ್ಲಿ ಎಲ್ಲ ಮೋಟಾರುಗಳ ಧೂಳು ಒರೆಸಿ, ಅದೇ ಮುಚ್ಚಳದಲ್ಲಿ ಬೆರಳದ್ದಿ, ಒಂದನ್ನೂ ಬಿಡದೆ ಬೊಟ್ಟು ಇಟ್ಟು ಮುಗಿಸಿದ್ದರು. ನನ್ನ ಗಂಡ ಒಳಗೆ ಬಂದವರು ಸಾಲಿನ ಕಡೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅವ್ವಾ, ಗುರುತು ಹಾಕಿದ್ದೆ ಕಣವ್ವ. ಈಗ ಎಲ್ಲವನ್ನೂ ನೀನೇ ಪಾಸು ಮಾಡ್ಬುಟ್ಟಲ್ಲ!"

"ಅಯ್ಯೋ, ಅಂಗಾ? ನಂಗೇನ್ ಗೊತ್ತು? ಈಗೇನ್ಲಾ ಮಾಡೋದು?"

"ಏನೂ ಮಾಡಂಗಿಲ್ಲ. ನಂಗೊತ್ತು ಬಿಡವ್ವ" ಎಂದರು.

ಪೂಜೆ ಆದ ಮೇಲೆ ಆಯುಧಗಳನ್ನು ಆ ದಿನ ಮುಟ್ಟುವುದಿಲ್ಲ. ಮೋಟಾರುಗಳು ಹಲಗೆಯ ಮೇಲೆ ಹಾಗೇ ಕುಳಿತವು. ನಾವು ಊಟಕ್ಕೆ ಎದ್ದೆವು.

ಮರುದಿನ ವಿಜಯದಶಮಿ. ಮೋಟಾರಿನ ತಿರುಗುವ ಕಡ್ಡಿಗೂ ಮೇಜನ್ನು ಸರಿಸುವ ಯಂತ್ರದ ಸ್ಕ್ರೂಗೂ ನಡುವೆ ಹಾಕಲು ಗಟ್ಟಿ ರಬ್ಬರ್ ಪೈಪು ಬೇಕು, ಹಾಸನಕ್ಕೆ ಹೋಗಿ ಊಟದ ಹೊತ್ತಿಗೆ ಬರುತ್ತೇನೆ ಎಂದು ಬೆಳಿಗ್ಗೆ ಬಸ್ಸು ಹತ್ತಿದರು. ಹನ್ನೆರಡು ಗಂಟೆಯ ಸುಮಾರಿಗೆ ಪಕ್ಕದ ಮನೆಗೆ ಫೋನು ಬಂತು. ಹಾಸನದ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕುಳಿತಿದ್ದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅಂಗಿಯ ಜೇಬಿನಲ್ಲಿ ಗೇಣುದ್ದದ ಕಪ್ಪು ರಬ್ಬರ್ ಪೈಪು ಇತ್ತು. ನನಗೆ ಅದನ್ನು ಕೊಟ್ಟರು. ಆ ದಿನದ ಬೇರೆ ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಪೈಪು ಇನ್ನೂ ಬೆಚ್ಚಗಿತ್ತು ಎಂದು ನೆನಪು. ಬಿಸಿಲಿಗೆ ಇದ್ದಿರಬಹುದು.

ಕೋಣೆಗೆ ಬೀಗ ಹಾಕಿದೆವು. ಚಳಿಗಾಲ ಕಳೆದು ಶಿವರಾತ್ರಿ ಹತ್ತಿರ ಬಂದಾಗ ಚನ್ನರಾಯಪಟ್ಟಣದಿಂದ ನನ್ನ ಗಂಡನ ಗೆಳೆಯರೊಬ್ಬರು ಬಂದರು. ಅವರು ರೇಡಿಯೋ, ಟೀವಿ ರಿಪೇರಿ ಮಾಡುವವರು, ಕಂಪ್ಯೂಟರನ್ನೂ ಕಲಿತುಕೊಂಡಿದ್ದರು. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಮೋಟಾರುಗಳಿಗೆ ಹೆಜ್ಜೆ ಹೇಳುವ ಬೋರ್ಡನ್ನು ಅವರೇ ಕಟ್ಟುವುದೆಂದು ಇಬ್ಬರ ನಡುವೆ ಮಾತಾಗಿತ್ತಂತೆ. ಕೆಲಸ ಮುಗಿದಿತ್ತು. ಏನು ಮಾಡಬೇಕೆಂದು ತೋಚದೆ ತಂದಿದ್ದರು.

"ಅತ್ತಿಗೆ, ಅವನು ಮೂರು ಸೆಲೆಕ್ಟ್ ಮಾಡ್ತೀನಿ ಅಂದಿದ್ದ. ಯಾವ್ದು ಅಂತ ಏನಾದ್ರೂ ಹೇಳಿದ್ನಾ? ಒಂದ್ಸಲ ಓಡ್ಸಿ ನೋಡಿದ್ರೆ ನನ್ ಮನಸ್ಸಿಗೂ ಸಮಾಧಾನ."

ಅತ್ತೆ ಗೋಡೆಗೆ ಒರಗಿ ಕುಳಿತಿದ್ದವರು ನೆಟ್ಟಗಾದರು.

"ಗುರುತಾಕಿದ್ದ ಕಣಪ್ಪ. ನಾನೇ ಅಳ್ಸಾಕ್ಬುಟ್ಟೆ" ಎಂದರು.

ಆ ಮೇಲೆ ಅವರು ಅದೊಂದೇ ಮಾತನ್ನು ಹೇಳತೊಡಗಿದರು. ಅನ್ನ ಬಡಿಸಿದರೆ, ನೀರು ಕೊಟ್ಟರೆ, ಯಾರಾದರೂ ಮಾತಾಡಿಸಲು ಬಂದರೆ, "ನನ್ ಮಗ ಕೊನೇಗೆ ಮಾಡಿದ್ ಕೆಲ್ಸಾನ ನಾನೇ ಒರೆಸಾಕ್ದೆ." ಅವರು ಹೇಳದ ಇನ್ನೊಂದು ಮಾತೂ ಇತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಹಬ್ಬಹರಿದಿನದಲ್ಲಿ ಕುಂಕುಮದ ಬಟ್ಟಲು ಮುಟ್ಟುತ್ತಿರಲಿಲ್ಲ. ಮಗ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಆ ದಿನ ನಗುವಿನ ಭರದಲ್ಲಿ ಬೆರಳದ್ದಿದರೋ, ಅದು ಎಣ್ಣೆ ಕುಂಕುಮ, ದೇವರದಲ್ಲ ಎಂದುಕೊಂಡರೋ ತಿಳಿಯದು. ಬೀದಿಯ ಒಬ್ಬಿಬ್ಬರು ಅದನ್ನು ಆಡಿಕೊಂಡರು. ನಾನು ಅದಕ್ಕೆ ಕಿವಿ ಕೊಡಲಿಲ್ಲ. ಅತ್ತೆ ಕೊಟ್ಟರು. ಹಬ್ಬ ಮುಗಿದ ಮೇಲೆ ಅರಕಲಗೂಡಿನಲ್ಲಿರುವ ಮಗಳ ಮನೆಗೆ ಹೊರಟು ನಿಂತರು.

"ಆ ಕ್ವಾಣೆ ಎದುರಿಗೆ ಕಾಣ್ತಾ ಇದ್ರೆ ಅನ್ನ ಇಳಿಯಾಕಿಲ್ಲ ಕಣವ್ವ. ಯಾವ್ ಮೂರು ಅಂತ ಗೊತ್ತಾದ್ರೆ ಯೋಳ್ಕಳುಸು. ಬತ್ತೀನಿ."

ನಾನು ಬೀಗ ತೆಗೆದದ್ದು ಆ ಮಾತಿಗಾಗಿ. ಇಲ್ಲದಿದ್ದರೆ ತೆಗೆಯುತ್ತಿದ್ದೆನೋ ಇಲ್ಲವೋ.

ಚೆಂಡುಹೂವು ಒಣಗಿ ಪುಡಿಯಾಗಿತ್ತು. ಮೋಟಾರುಗಳ ಮೇಲಿನ ಕುಂಕುಮ ಹಾಗೇ ಇತ್ತು. ಎಣ್ಣೆ ಹೀರಿಕೊಂಡು ಇನ್ನೂ ಕೆಂಪಗೆ ಕಾಣುತ್ತಿತ್ತು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅತ್ತೆಯ ಬೊಟ್ಟಿನ ಕೆಳಗೆ ಇನ್ನೊಂದು ಬೊಟ್ಟು ಇದೆಯೇ ಎಂದು ಹುಡುಕಿದೆ. ಇದೆ ಎನಿಸಿದರೆ ಎಲ್ಲದರಲ್ಲೂ ಇದೆ ಎನಿಸುತ್ತಿತ್ತು. ಇಲ್ಲ ಎನಿಸಿದರೆ ಒಂದರಲ್ಲೂ ಇಲ್ಲ.

ಎಡಬಲದ ಹಿಡಿಯ ಜಾಗಕ್ಕೆ ಕೂರಿಸಲೆಂದು ಅವರು ಒಂದು ಕಬ್ಬಿಣದ ತಟ್ಟೆಯನ್ನು ಮಾಡಿಟ್ಟಿದ್ದರು. ನಡುವೆ ದೊಡ್ಡ ತೂತು, ಸುತ್ತ ನಾಲ್ಕು ಸ್ಕ್ರೂ ತೂತು. ಯಾವ ಮೋಟಾರು ಇದಕ್ಕೆ ಕೂರುತ್ತದೋ ಅದೇ ಅವರು ಆರಿಸಿದ್ದು ಎಂದು ನನಗೆ ಹೊಳೆಯಿತು. ಮೊದಲು ಹಿಡಿದದ್ದೇ ಕೂತಿತು. ಎಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದುಕೊಂಡೆ. ಎರಡನೆಯದೂ ಕೂತಿತು. ಐದು ಕೂತವು. ಎಲ್ಲ ಒಂದೇ ಅಳತೆಯ ಚೌಕಗಳು. ಉಳಿದ ಎರಡು ಕಡೆಗೆ ತಟ್ಟೆಯನ್ನೇ ಮಾಡಿರಲಿಲ್ಲ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ. ತಿಂಡಿ ಮಾಡಲು ಎದ್ದು ಹೋದೆ, ಅಡುಗೆಮನೆಯಲ್ಲಿ ಒಬ್ಬಳಿಗೆ ಎಷ್ಟು ಅಕ್ಕಿ ಎಂದು ಯೋಚಿಸುತ್ತಾ ನಿಂತೆ.

ಒಂದು ದಿನ ಎಲ್ಲವನ್ನೂ ಎರಡು ತರಕಾರಿ ಚೀಲಗಳಲ್ಲಿ ತುಂಬಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಿನಿಂದ ಸರಿಸಲು ಹೋಗಿ, "ಏನಕ್ಕಾ ಇದು, ಗುಂಡುಕಲ್ಲು ತುಂಬ್ಕೊಂಡು ಹೊಂಟಿದ್ದೀರಾ?" ಎಂದರು. "ಮೋಟಾರು" ಎಂದೆ. "ಮೋಟ್ರು ಬಸ್ಸಲ್ಲೇ ಐತೆ, ನೀವ್ಯಾಕೆ ತಂದ್ರಿ?" ಎಂದು ಟಿಕೆಟ್ ಹರಿದರು. ತುಂಬ ದಿನಗಳ ಮೇಲೆ ನನಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಗೆಳೆಯರು ಅಂಗಡಿಯ ಮೇಜಿನ ಮೇಲೆ ಎಲ್ಲವನ್ನೂ ಹರವಿದರು. ಒಂದನ್ನು ನನ್ನ ಕೈಗೆ ಕೊಟ್ಟು, ಕಡ್ಡಿಯನ್ನು ತಿರುಗಿಸಲು ಹೇಳಿದರು. ಬೆರಳಿಗೆ ಕಟಕಟ ಎಂದು ಸಣ್ಣ ಹಲ್ಲು ಸಿಕ್ಕಿದಂತಾಯಿತು. ಆಮೇಲೆ ಎರಡು ವೈರುಗಳ ತುದಿಗಳನ್ನು ಸೇರಿಸಿ ಹೊಸೆದರು.

"ಈಗ ತಿರುಗ್ಸಿ."

ಕಡ್ಡಿ ಬಿಗಿಯಾಗಿತ್ತು. ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ. ಕರೆಂಟು ಇಲ್ಲ, ಏನೂ ಇಲ್ಲ, ಬರಿಯ ಎರಡು ವೈರು ಸೇರಿದ್ದಕ್ಕೆ ಇಷ್ಟು ಹಿಡಿತ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ವಿವರಿಸಿದರು. ನನಗೆ ಅರ್ಥವಾಗಲಿಲ್ಲ. ವೈರು ಬಿಡಿಸಿದರು, ಮತ್ತೆ ಸಡಿಲವಾಯಿತು. ನಾನೇ ಸೇರಿಸಿ, ಬಿಡಿಸಿ, ಎಷ್ಟೋ ಸಲ ತಿರುಗಿಸಿದೆ.

"ಇದರಲ್ಲಿ ಅವರು ಯಾವುದನ್ನ ಆರಿಸಿರ್ತಾರೆ?" ಎಂದೆ ಕೊನೆಗೆ.

"ನನ್ನ ಕೇಳಿದ್ರೆ ಓಮ್ಸ್, ಅಂದ್ರೆ ಕರೆಂಟಿಗೆ ಒಡ್ಡೋ ತಡೆ, ಕಮ್ಮಿ ಇರೋದು. ನಮ್ ಬೋರ್ಡಿಗೆ ಆರು ವೈರಿಂದು ಬೇಕು, ಅದು ಗ್ಯಾರಂಟಿ. ಆದ್ರೆ ಅವನ ಲೆಕ್ಕನೇ ಬೇರೆ ಅತ್ತಿಗೆ. ನಾನು ಮೀಟ್ರು ನಂಬ್ತೀನಿ, ಅವನು ಬೆರಳು ನಂಬೋನು. ಅದಕ್ಕೇ ಎಷ್ಟು ಸಲ ಜಗಳ ಆಗಿದೆ!"

ಮೀಟರು ಹಿಡಿದು ಅಳೆದರು. ಆರು ವೈರಿನವು ಎಂಟು ಇದ್ದವು. ಅದರಲ್ಲಿ ತಟ್ಟೆಗೆ ಕೂರುವ ಐದೂ ಸೇರಿದ್ದವು. ಎಂಟರಲ್ಲಿ ಓಡದವು ಎರಡು. ದೊಡ್ಡದಾಗಿ ಭಾರವಾಗಿದ್ದ ಒಂದನ್ನು ನಾನು ಇದೇ ಇರಬೇಕು ಎಂದು ಮುಂದಕ್ಕೆ ತಳ್ಳಿದೆ. "ಗಾತ್ರ ನೋಡ್ಬೇಡಿ, ಇದು ಶಾನೆ ನಿಧಾನ. ಮದ್ವೆ ಮನೆ ದೊಡ್ಡಪ್ಪನ ಥರ, ಕೂತ್ರೆ ಏಳಲ್ಲ" ಎಂದರು. ನಾನು ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಮೋಟಾರುಗಳನ್ನು ನನ್ನ ಗಂಡ ತರುತ್ತಿದ್ದದ್ದು ಹಾಸನದ ಒಂದೇ ಗುಜರಿಯಿಂದ, ಅಲ್ಲಿ ಕೇಳಿದರೆ ಏನಾದರೂ ತಿಳಿಯಬಹುದು ಎಂದು. ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಮನೆಗೆ ಬಂದೆ. ಚೀಲಗಳ ಭಾರ ಮಾತ್ರ ಅಷ್ಟೇ ಇತ್ತು.

ಹಾಸನಕ್ಕೆ ಹೋಗಲು ಮನಸ್ಸು ಬರಲಿಲ್ಲ. ಆ ಬಸ್ ನಿಲ್ದಾಣದಲ್ಲಿ ಇಳಿಯಬೇಕಲ್ಲ. ಕೊನೆಗೆ ಹೋದೆ. ಬೆಂಚುಗಳ ಕಡೆ ನೋಡದೆ ಹೊರಗೆ ಬಂದೆ. ಗುಜರಿ ಅಂಗಡಿಯವರಿಗೆ ನಾನು ಯಾರೆಂದು ಹೇಳಿದಾಗ ಅವರು ತಕ್ಕಡಿ ಬಿಟ್ಟು ಎದ್ದು ನಿಂತರು. ಕುರ್ಚಿ ತರಿಸಿದರು.

"ಯಾವ ಮೋಟ್ರು ಅಂತ ನನ್ನ ಕೇಳಿದ್ರೆ ಹೆಂಗಮ್ಮಾ? ನಮಗೆ ತೂಕ ಗೊತ್ತು ಅಷ್ಟೆ. ಸಾರು ಬಂದ್ರೆ ಆ ಡ್ರಮ್ಮಿನ ಮೇಲೆ ಕೂತ್ಕೊಳ್ಳೋರು. ಪೂರಾ ಮಾಲು ಹರಡ್ಕೊಂಡು ಒಂದೊಂದೇ ಕಿವಿ ಹತ್ರ ಇಟ್ಟು ತಿರುಗ್ಸೋರು. ನಮ್ಮೋರು ನಗಾಡೋರು, ಸಾರು ರೇಡಿಯೋಲಿ ಮೈಸೂರು ಸ್ಟೇಷನ್ ಹಿಡೀತಾವ್ರೆ ಅಂತ. ಅವರೂ ಕಮ್ಮಿ ಇಲ್ಲ, ಸುಮ್ನಿರ್ರಪ್ಪ ವಾರ್ತೆ ಬತ್ತಾ ಐತೆ ಅನ್ನೋರು."

ನಾನು ಆ ಡ್ರಮ್ಮಿನ ಕಡೆ ನೋಡಿದೆ. ಅವರೇ ಮುಂದುವರಿಸಿದರು.

"ಅವತ್ತೂ ಅಂಗೇ ಕೂತಿದ್ರು."

"ಯಾವತ್ತು?"

"ಅವತ್ತೇ ಅಮ್ಮಾ. ದಸರಾ ದಿನ. ಇಲ್ಲಿಂದಾನೇ ಅಲ್ವಾ ಬಸ್‌ಸ್ಟ್ಯಾಂಡಿಗೆ ಹೋಗಿದ್ದು."

ರಬ್ಬರ್ ಪೈಪು ತರಲು ಹೋದವರು ಗುಜರಿಗೆ ಏಕೆ ಬಂದರು? ಮೋಟಾರು ಆರಿಸಿ ಆಗಿತ್ತಲ್ಲ? ನಾನು ಕೇಳಿದೆ.

"ಎರಡು ಸೆಟ್ಲಾಗೈತೆ ಅಂದ್ರು. ಮೂರನೇದು ಒಂದಕ್ಕೆ ಗುರುತು ಹಾಕಿದ್ದೀನಿ, ಆದ್ರೆ ಮನಸ್ಸು ಒಪ್ತಾ ಇಲ್ಲ ಅಂದ್ರು. ಅದೇನೋ ಮೇಲೆ ಕೆಳಗೆ ಹೋಗೋ ತಲೆಗಂತೆ. ತಲೆ ಭಾರ, ಕರೆಂಟು ಹೋದ್ರೆ ಜಾರಿ ಮಾಲಿಗೆ ಚುಚ್ತದೆ, ಕರೆಂಟು ಹೋದ್ರೂ ಹಿಡ್ಕೊಂಡು ನಿಲ್ಲೋ ಅಂಥದ್ದು ಬೇಕು ಅಂದ್ರು. ಇಡೀ ಗುಡ್ಡೆ ಕೆದಕಿದ್ರು. ಸಿಗಲಿಲ್ಲ. ಬಂದ್ರೆ ತೆಗೆದಿಡಪ್ಪ ಅಂತ ಹೇಳಿ ಹೋದ್ರು."

ನಾನು ಕುರ್ಚಿಯಲ್ಲೇ ಕುಳಿತಿದ್ದೆ. ಟೀ ಬಂತು, ಕುಡಿದೆನೋ ಇಲ್ಲವೋ. 'ನಂಗೊತ್ತು ಬಿಡವ್ವ' ಎಂದವರಿಗೆ ಗೊತ್ತಿರಲಿಲ್ಲ. ಇಷ್ಟು ತಿಂಗಳು ನಾನು ಹುಡುಕಿದ್ದು ಅವರೇ ಇನ್ನೂ ಹುಡುಕುತ್ತಿದ್ದ ವಸ್ತುವನ್ನು. ಇದರಿಂದ ನನಗೆ ಹಗುರವಾಯಿತೋ ಇನ್ನಷ್ಟು ಭಾರವಾಯಿತೋ ಇಂದಿಗೂ ಹೇಳಲಾರೆ. ಎರಡೂ ಆಗಿರಬೇಕು. ಬರುವಾಗ ಬಸ್ ನಿಲ್ದಾಣದ ಬೆಂಚುಗಳನ್ನು ನೋಡಿದೆ. ಯಾವ ಬೆಂಚು ಎಂದು ಯಾರನ್ನೂ ಕೇಳಲಿಲ್ಲ.

ಮನೆಗೆ ಹೋಗಲಿಲ್ಲ. ನೇರವಾಗಿ ಅರಕಲಗೂಡಿನ ಬಸ್ಸು ಹತ್ತಿದೆ. ಗೊರೂರು ದಾಟುವಾಗ ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಜೋಡಿಸಿಕೊಂಡದ್ದು ಅವರ ಮುಖ ನೋಡಿದ ಕೂಡಲೇ ಮರೆತುಹೋಯಿತು. ನಾದಿನಿಯ ಮನೆಯ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ, "ಗೊತ್ತಾಯ್ತಾ?" ಎಂದರು.

ಗುಜರಿಯವರು ಹೇಳಿದ್ದನ್ನು ಹಾಗೇ ಹೇಳಿದೆ. ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಅಂದ್ರೆ ಅವನ್ಗೂ ಗೊತ್ತಿರ್ನಿಲ್ವಾ?"

"ಎರಡು ಗೊತ್ತಿತ್ತು. ಮೂರನೇದು ಗೊತ್ತಿರಲಿಲ್ಲ."

"ಮತ್ಯಾಕೆ ಗೊತ್ತು ಬಿಡವ್ವ ಅಂದ?"

"ನೀವು ನೊಂದ್ಕೋತೀರಿ ಅಂತ ಅಂದಿರ್ತಾರೆ."

ಅವರು ಮಡಿಲಿನ ಸಿಪ್ಪೆ ಕೊಡವಿದರು. ಆಮೇಲೆ, "ಕಳ್ ನನ್ಮಗ" ಎಂದರು. "ಚಿಕ್ಕೋನಾಗಿದ್ದಾಗ್ಲೂ ಅಂಗೇಯ. ಲೆಕ್ಕ ಬರ್ದಿದ್ರೂ ಬತ್ತದೆ ಬತ್ತದೆ ಅಂತ ಸ್ಲೇಟು ಎದೆಗೆ ಅವುಚ್ಕಳೋನು." ನಗುತ್ತಾ ಶುರುಮಾಡಿದವರು ಅಳುತ್ತಾ ಮುಗಿಸಿದರು. ನಾನು ಪಕ್ಕದಲ್ಲಿ ಕುಳಿತು ಉಳಿದ ಕಾಯಿ ಸುಲಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮೆಲ್ಲಗೆ, "ಆ ಎರಡು ಯಾವ್ದು ಅಂತಾನೂ ಗೊತ್ತಾಗ್ನಿಲ್ಲ, ಅಲ್ವಾ?" ಎಂದರು. ಇಲ್ಲ ಎಂದೆ. "ಅದ್ನ ಮಾತ್ರ ನಾನೇ ಅಳ್ಸಿದ್ದು" ಎಂದರು. ಈ ಸಲ ಹೇಳಿದ್ದು ಬೇರೆಯ ದನಿಯಲ್ಲಿ. ಆಗಿಹೋದ ಒಂದು ಕೆಲಸದ ಬಗ್ಗೆ ಹೇಳುವ ಹಾಗೆ. ಮರುದಿನ ನನ್ನ ಜೊತೆ ಹೊರಟು ಬಂದರು.

ಚನ್ನರಾಯಪಟ್ಟಣದ ಗೆಳೆಯರು ಭಾನುವಾರಗಳಲ್ಲಿ ಬಂದು ಎರಡು ಮೋಟಾರು ಕೂರಿಸಿದರು. ಯಾವ ಎರಡು ಎಂಬ ಮಾತು ಬಂದಾಗ ಅವರು ಮೀಟರು ಹಿಡಿದು ಮೂರನ್ನು ಮುಂದಿಟ್ಟರು. ಅವುಗಳಲ್ಲಿ ಎರಡನ್ನು ಆರಿಸಲು ಅತ್ತೆಗೆ ಹೇಳಿದೆ. ಅತ್ತೆ ಕಡ್ಡಿ ತಿರುಗಿಸಿ, ಕಿವಿಯ ಹತ್ತಿರ ಇಟ್ಟುಕೊಂಡು, "ಏನೂ ಕೇಳಾಕಿಲ್ವಲ್ಲಪ್ಪ" ಎಂದರು. "ನಂಗೂ ಕೇಳ್ತಿರಲಿಲ್ಲ ಅಮ್ಮ" ಎಂದರು ಗೆಳೆಯರು. ಆದರೂ ಅತ್ತೆ ಎರಡನ್ನು ತೆಗೆದುಕೊಟ್ಟರು. ನಡುವಿನ ರಬ್ಬರನ್ನು ನನ್ನ ಗಂಡನ ಜೇಬಿನಲ್ಲಿದ್ದ ಆ ಪೈಪಿನಿಂದಲೇ ಕತ್ತರಿಸಿದೆವು. ಸರಿಯಾಗಿ ಹೊಂದಿತು. ಬೊಟ್ಟುಗಳನ್ನು ಯಾರೂ ಒರೆಸಲಿಲ್ಲ.

ಮೊದಲ ದಿನ ಯಂತ್ರ ಒಂದೇ ಕಡೆ ಓಡಿತು. ಎರಡನೆಯ ದಿನ ಎರಡೂ ಕಡೆ ಓಡಿತು, ಆದರೆ ವೃತ್ತ ಮೊಟ್ಟೆಯಾಯಿತು. ಅತ್ತೆ ಬಾಗಿಲಲ್ಲಿ ನಿಂತು, "ಆಲೂಗೆಡ್ಡೆಗಿಂತ ವಾಸಿ" ಎಂದರು. ಗೆಳೆಯರು ಏನನ್ನೋ ತಿರುಗಿಸಿ, ಬಿಗಿಮಾಡಿ, ಬೈದುಕೊಂಡು ಇನ್ನೂ ಕೆಲವು ವಾರ ಹೆಣಗಿದರು. ಒಂದು ಭಾನುವಾರ ಕಟ್ಟರ್ ಹಿತ್ತಾಳೆಯ ಮೇಲೆ ತಾನಾಗಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತಿತು. ಎರಡೂ ಹಿಡಿಗಳ ಜಾಗದಲ್ಲಿ ಯಾರೂ ಇರಲಿಲ್ಲ. ನಾನು ಅಭ್ಯಾಸದಂತೆ ನನ್ನ ಹಿಡಿಯಿದ್ದ ಕಡೆಗೇ ನಿಂತಿದ್ದೆ.

ಚಕ್ಕುಲಿ ಬಿಲ್ಲೆಯ ಹೂವಿಗೆ ಆರು ಎಸಳು. ಮೊನೆಗಳು ಅತ್ತೆ ಬಯಸಿದಷ್ಟು ಚೂಪಾಗಿ ಬರಲಿಲ್ಲ, ಸ್ವಲ್ಪ ಮೊಂಡಾಗಿವೆ. ಕಟ್ಟರ್ ದುಂಡಗಿರುವುದರಿಂದ ಮೂಲೆ ಅಷ್ಟೇ ಬರುವುದು ಎಂದು ಗೆಳೆಯರು ಹೇಳಿದರು. ಆ ಗೋಕುಲಾಷ್ಟಮಿಗೆ ಅತ್ತೆ ಅದರಲ್ಲೇ ಚಕ್ಕುಲಿ ಒತ್ತಿದರು. ಮುಳ್ಳು ಮೂಡಿತು. ಗೆಳೆಯರ ಮನೆಗೆ ಒಂದು ಡಬ್ಬ, ಹಾಸನದ ಗುಜರಿಯವರಿಗೆ ಒಂದು ಡಬ್ಬ ಕೊಟ್ಟುಬಂದೆ. ಗುಜರಿಯವರು ಡಬ್ಬ ತೆಗೆದುಕೊಂಡು, ಕೇಳುವ ಮೊದಲೇ ತಲೆಯಾಡಿಸಿದರು.

"ಇನ್ನೂ ಬಂದಿಲ್ಲ ಅಮ್ಮಾ. ಬಂದ್ರೆ ತೆಗ್ದಿಡ್ತೀನಿ."

ಎರಡು ಮೋಟಾರುಗಳು ಓಡುತ್ತಿವೆ. ನನ್ನ ಗಂಡ ಆರಿಸಿದ ಎರಡು ಅವೇ ಹೌದೋ ಅಲ್ಲವೋ ನಮಗೆ ಗೊತ್ತಿಲ್ಲ. ಕೆಲಸ ಇದ್ದಾಗ ಯಂತ್ರದ ತಲೆಯನ್ನು ನಾನೇ ಕೈಯಿಂದ ತಿರುಗಿಸಿ ಇಳಿಸುತ್ತೇನೆ. ಕರೆಂಟು ಹೋದರೆ, ಅದು ಕರೆಂಟಿನಿಂದ ನಿಂತ ತಲೆಯಲ್ಲ ಎಂದರೂ ಕೇಳದೆ, ಅತ್ತೆ ಓಡಿ ಬಂದು ಹಿಡಿ ಹಿಡಿದುಕೊಳ್ಳುತ್ತಾರೆ, ಜಾರದ ಹಾಗೆ. ಮೇಲೆ ಕೆಳಗೆ ಮಾಡುವ ಮೋಟಾರು ಇನ್ನೂ ಇಲ್ಲ.